ಮರದ ದೋಣಿಗೆ ಸೀಲರ್ ಮತ್ತು ಬಣ್ಣ: ಯಾವುದು, ಯಾವಾಗ, ಯಾವ ಕ್ರಮದಲ್ಲಿ

ಮರದ ದೋಣಿಗೆ ಬಣ್ಣ ಹೊಡೆದು ಕೈ ಸುಟ್ಟುಕೊಂಡವರು ಕೇಳುವುದು ಒಂದೇ ಪ್ರಶ್ನೆ: "ಯಾವ ಕಂಪನಿಯ ಬಣ್ಣ ಒಳ್ಳೇದು?" ಬಣ್ಣ ಒಳ್ಳೆಯದೇ ಇರುತ್ತದೆ, ಡಬ್ಬಿಗೆ ಸಾಕಷ್ಟು ದುಡ್ಡೂ ಕೊಟ್ಟಿರುತ್ತಾರೆ. ಆದರೂ ಚೌತಿಗೆ ಹಚ್ಚಿದ್ದು ದೀಪಾವಳಿ ಹೊತ್ತಿಗೆ ಹಪ್ಪಳದ ಹಾಗೆ ಎದ್ದು ನಿಲ್ಲುತ್ತದೆ. ಕೆರೆದು ನೋಡಿದರೆ ಸಿಗುವ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಮರ ಒಳಗೆ ಒದ್ದೆ ಇತ್ತು. ಹಳೇ ಪದರಕ್ಕೆ ಹೊಂದದ ಹೊಸ ಪದರ ಬಿತ್ತು. ಇಲ್ಲವೇ ನೀರಿನ ಮೇಲಿನ ಭಾಗಕ್ಕೆ ತಯಾರಾದ ಬಣ್ಣವನ್ನೇ ತಳಕ್ಕೂ ಬಳಿದರು.

ಕೆಳಗಿನ ಕ್ರಮ ಕರಾವಳಿಯ ನಾಡದೋಣಿ, ಪಾತಿದೋಣಿ, ಅಳಿವೆ ದಾಟಿಸುವ ದೋಣಿ, ಪ್ಲೈವುಡ್ ದೋಣಿ, ಹಿನ್ನೀರಿನ ಮರದ ದೋಣಿ ಇವಕ್ಕೆಲ್ಲ ನಡೆಯುತ್ತದೆ. ಪೂರ್ತಿ ಫೈಬರ್ ದೋಣಿಯ ಲೆಕ್ಕ ಬೇರೆ.

## ಹಂತ 1: ಅಂಗಡಿಗೆ ಹೋಗುವ ಮೊದಲು ಮೂರು ಪ್ರಶ್ನೆ

ದೋಣಿ ಎಲ್ಲಿ ಇರುತ್ತದೆ? ಅಳಿವೆಯಲ್ಲೋ ಬಂದರಿನಲ್ಲೋ ವಾರಗಟ್ಟಲೆ ತೇಲಿಕೊಂಡೇ ಇರುವ ದೋಣಿಯಾದರೆ ನೀರಿನ ಗೆರೆಯ ಕೆಳಗೆ ಆ್ಯಂಟಿಫೌಲಿಂಗ್ ಬಣ್ಣ, ಅಂದರೆ ಚಿಪ್ಪು ಹಿಡಿಯದಂತೆ ತಡೆಯುವ ತಾಮ್ರದ ಬಣ್ಣ, ಬೇಕೇ ಬೇಕು. ದಿನಾ ದಡಕ್ಕೆ ಎಳೆದಿಡುವ ದೋಣಿಗೆ ಚಿಪ್ಪು ಹಿಡಿಯುವುದು ಕಡಿಮೆ. ಅದನ್ನು ಹಾಳು ಮಾಡುವುದು ಮರಳಿನ ತಿಕ್ಕಾಟ. ಲಿಂಗನಮಕ್ಕಿ, ಸೂಪಾ, ಕಬಿನಿ ಹಿನ್ನೀರಿನಂಥ ಸಿಹಿನೀರಿನಲ್ಲಿ ಬಾರ್ನಕಲ್ ಚಿಪ್ಪೂ ಇಲ್ಲ, ಮರ ಕೊರೆಯುವ ಸಮುದ್ರದ ಹಡಗುಹುಳವೂ ಇಲ್ಲ. ಅಲ್ಲಿ ತಾಮ್ರದ ಬಣ್ಣಕ್ಕೆ ದುಡ್ಡು ಸುರಿಯಬೇಡಿ. ಸಿಹಿನೀರಿನ ದೋಣಿ ಹಾಳಾಗುವುದು ಹೆಚ್ಚಾಗಿ ಕೊಳೆತದಿಂದ, ಅದರಲ್ಲೂ ಒಳಗೆ ನಿಂತ ಮಳೆನೀರಿನಿಂದ.

ಹೇಗೆ ಕಟ್ಟಿದ ದೋಣಿ? ಹಲಗೆಗೆ ಹಲಗೆ ಜೋಡಿಸಿ ಸಂದಿಗೆ ಹತ್ತಿ ತುಂಬಿದ ದೋಣಿ ನೀರಿಗಿಳಿದಾಗ ಉಬ್ಬುತ್ತದೆ, ದಡದಲ್ಲಿ ಕುಗ್ಗುತ್ತದೆ. ಹಾಗೆ ಉಬ್ಬಿಯೇ ಅದರ ಸಂದಿ ಮುಚ್ಚುವುದು. ಪ್ಲೈವುಡ್ ದೋಣಿ ಹೆಚ್ಚು ಅಲುಗುವುದಿಲ್ಲ. ಒಂದೇ ಮರ ಕೊರೆದು ಮಾಡಿದ ದೋಣಿ ಇವೆರಡರ ನಡುವೆ. ಸೀಲರ್, ಅಂದರೆ ಮರ ನೀರು ಕುಡಿಯದಂತೆ ಬಣ್ಣಕ್ಕೆ ಮೊದಲು ಹಚ್ಚುವ ಪದರ, ಯಾವುದು ಎಂಬುದು ಇಲ್ಲೇ ತೀರ್ಮಾನವಾಗುತ್ತದೆ, ಡಬ್ಬಿಯ ಮೇಲಿನ ಬರಹದಲ್ಲಲ್ಲ.

ಈಗ ಅದರ ಮೇಲೆ ಏನಿದೆ? ಹಿಂದಿನ ಮಾಲೀಕರನ್ನು ಕೇಳಿದರೆ "ಪೇಂಟು" ಅಂದುಬಿಡುತ್ತಾರೆ. ನೀವೇ ಪರೀಕ್ಷೆ ಮಾಡಿಕೊಳ್ಳಿ. ಹತ್ತಿಗೆ ತೀಕ್ಷ್ಣವಾದ ಥಿನ್ನರ್ ಅದ್ದಿ, ಬಣ್ಣದ ಮೇಲೆ ಒತ್ತಿ ಕೆಲವು ನಿಮಿಷ ಬಿಡಿ. ಬಣ್ಣ ಸುಕ್ಕುಗಟ್ಟಿದರೆ ಅಥವಾ ಹತ್ತಿಗೆ ಹತ್ತಿದರೆ ಅದು ಮಾಮೂಲಿ ಎನಾಮೆಲ್ ಥರದ ಒಂದೇ ಡಬ್ಬಿಯ ಬಣ್ಣ. ಏನೂ ಆಗದಿದ್ದರೆ ಎರಡು ಡಬ್ಬಿ (ರೆಸಿನ್ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್) ಬೆರೆಸಿ ಹಚ್ಚಿದ ಎಪಾಕ್ಸಿ ಅಥವಾ ಪಿಯು (ಪಾಲಿಯುರಿಥೇನ್). ಹತ್ತಿ ಕಪ್ಪುಗಂದು ಬಣ್ಣಕ್ಕೆ ತಿರುಗಿ ಡಾಂಬರಿನ ವಾಸನೆ ಬಂದರೆ ಕೆಳಗೆ ಟಾರು ಇದೆ. ಇನ್ನು ಬರೀ ಮರದಂತೆ ಕಾಣುವ ಕಡೆ ನಾಲ್ಕು ಹನಿ ನೀರು ಹಾಕಿ. ಹನಿ ಮುತ್ತಿನಂತೆ ನಿಂತರೆ ಮರ ಎಣ್ಣೆ ಕುಡಿದಿದೆ, ಹರಡಿ ಇಂಗಿದರೆ ಇಲ್ಲ.

ಈ ಮೂರು ಉತ್ತರ ಬರೆದಿಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

## ಹಂತ 2: ಸಮಯ ಹಿಡಿಯುವುದು

ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ದೋಣಿ ಮೇಲಿರುತ್ತದೆ, ಕೈಯಲ್ಲಿ ಸಮಯ ಇರುತ್ತದೆ. ಹಾಗಾಗಿ ಎಲ್ಲರೂ ಆಗಲೇ ಬಣ್ಣಕ್ಕೆ ಇಳಿಯುತ್ತಾರೆ. ಬಣ್ಣಕ್ಕೆ ವರ್ಷದಲ್ಲಿ ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಗಾಳಿಯ ತೇವಾಂಶ 85 ಶೇಕಡಾ ದಾಟಿದ ಮೇಲೆ ಯಾವ ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಅದಕ್ಕಿಂತ ಕೆಳಗಿಳಿಯುವ ದಿನಗಳೇ ಅಪರೂಪ.

ಮಳೆಗಾಲದಲ್ಲಿ ಮರಗೆಲಸ ಮಾಡಿ: ಹಲಗೆ ಬದಲಾಯಿಸುವುದು, ಮೊಳೆ, ಎಂಜಿನ್ ಕೆಲಸ. ಬಣ್ಣ ಕೆರೆಯುವುದು, ಸೀಲರ್, ಪ್ರೈಮರ್ ಇವಕ್ಕೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ಹವೆ ಹಿಡಿಯಿರಿ. ಆ ಸಮಯದಲ್ಲಿ ದೋಣಿ ದುಡಿಯುತ್ತಿರುತ್ತದೆ, ಬಿಡುವು ಮಾಡಿಕೊಳ್ಳುವುದು ಕಷ್ಟ, ಗೊತ್ತು. ಆದರೆ ಎರಡು ವಾರದ ದುಡಿಮೆ ಬಿಟ್ಟು ಮಾಡಿದ ಕೆಲಸ ವರ್ಷಗಟ್ಟಲೆ ನಿಲ್ಲುತ್ತದೆ. ಮಳೆಯಲ್ಲಿ ಮಾಡಿದ್ದನ್ನು ಪ್ರತಿ ವರ್ಷ ಮಾಡಬೇಕು. ಬೇರೆ ದಾರಿಯೇ ಇಲ್ಲ ಅನ್ನುವವರು ನಾಲ್ಕೂ ಕಡೆ ಗಾಳಿ ಆಡುವ ಶೆಡ್ಡಿನಲ್ಲಿ ಮೇಲಿನ ಬದಿಗಳಿಗಷ್ಟೇ ಒಂದು ಕೋಟ್ ಹಚ್ಚಿ ಸುಮ್ನಿರಿ. ತಳ ಮುಟ್ಟಬೇಡಿ.

## ಹಂತ 3: ಸಲಕರಣೆ ಮತ್ತು ಅಳತೆ

ಕೆರೆಯುವ ಸ್ಕ್ರೇಪರ್, ತಂತಿ ಬ್ರಷ್, 60, 80, 120, 220 ನಂಬರಿನ ಸ್ಯಾಂಡ್‌ಪೇಪರ್, ಅದನ್ನು ಸುತ್ತಿ ಹಿಡಿಯಲು ಮರದ ತುಂಡು. ಒಳ್ಳೆ ಬ್ರಷ್ ಎರಡು, ಎಪಾಕ್ಸಿಗೆ ಬಳಸಿ ಎಸೆಯುವ ಅಗ್ಗದ ಬ್ರಷ್ ಹಲವು. ಅಗಲವಾದ ತಟ್ಟೆ. ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಲೋಟ. ಕೈಗವಸು, ಕನ್ನಡಕ. ಮರದ ತೇವ ಅಳೆಯುವ ಎರಡು ಮುಳ್ಳಿನ ಮೀಟರ್ ಸಿಕ್ಕಿದರೆ ಕೊಳ್ಳಿ. ಪಟ್ಟಿಯಲ್ಲಿ ಹೆಚ್ಚು ದುಡ್ಡು ಉಳಿಸುವ ವಸ್ತು ಅದೇ.

ಮೂಗಿಗೆ ಬರೀ ಬಟ್ಟೆ ಕಟ್ಟಿದರೆ ಸಾಲದು. ಧೂಳಿಗೆ ಎನ್95 ಮಾಸ್ಕ್ ನಡೆಯುತ್ತದೆ, ಥಿನ್ನರ್ ಆವಿಗೆ ಇದ್ದಿಲ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಪಿಯು ಬಣ್ಣದ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದನ್ನು ಸ್ಪ್ರೇ ಮಾಡುವುದು ಸಾಮಾನ್ಯ ಪೇಂಟರ್ ಕೆಲಸವಲ್ಲ, ಶ್ವಾಸಕೋಶಕ್ಕೇ ಕುತ್ತು ತರುತ್ತದೆ. ಮನೆಯಂಗಳದಲ್ಲಿ ಬ್ರಷ್ಷೇ ಸಾಕು.

ಎಷ್ಟು ಬಣ್ಣ ಬೇಕು? ಬದಿಗಳಿಗೆ ಲೆಕ್ಕ ಹೀಗೆ: ಉದ್ದ ಮತ್ತು ಅಗಲ ಕೂಡಿಸಿ, ಎರಡರಿಂದ ಗುಣಿಸಿ, ನೀರಿನ ಮೇಲೆ ಕಾಣುವ ಎತ್ತರದಿಂದ ಗುಣಿಸಿ. ತಳಕ್ಕೆ: ನೀರಿನ ಗೆರೆಯ ಉದ್ದವನ್ನು ಅಗಲ ಮತ್ತು ಮುಳುಗುವ ಆಳದ ಮೊತ್ತದಿಂದ ಗುಣಿಸಿ. ಉದಾಹರಣೆಗೆ 24 ಅಡಿ, ಅಂದರೆ 7.3 ಮೀಟರ್ ಉದ್ದದ ದೋಣಿ. ಅಗಲ 1.5 ಮೀಟರ್, ಬದಿ 60 ಸೆಂಟಿಮೀಟರ್. ಬದಿಗಳ ವಿಸ್ತಾರ ಸುಮಾರು 10.5 ಚದರ ಮೀಟರ್. ಅದೇ ದೋಣಿ 30 ಸೆಂಟಿಮೀಟರ್ ಮುಳುಗಿ, ನೀರಿನ ಗೆರೆ 6.5 ಮೀಟರ್ ಇದ್ದರೆ ತಳ ಸುಮಾರು 11.7 ಚದರ ಮೀಟರ್. ನಯವಾದ ಮೇಲ್ಮೈಯಲ್ಲಿ ಲೀಟರಿಗೆ ಒಂದು ಕೋಟ್ 10 ಚದರ ಮೀಟರ್ ಹಿಡಿಯಿರಿ. ತಳಕ್ಕೆ ಎರಡು ಕೋಟ್ ಅಂದರೆ ಎರಡೂವರೆ ಲೀಟರ್. ಬರೀ ಮರದ ಮೇಲೆ ಮೊದಲ ಕೋಟ್ ಇದಕ್ಕಿಂತ ಜಾಸ್ತಿ ಕುಡಿಯುತ್ತದೆ, ಅದರಲ್ಲೂ ಮಾವಿನ ಮರವಾದರೆ.

ಆ್ಯಂಟಿಫೌಲಿಂಗ್ ಕಡಿಮೆ ಬಿತ್ತೆಂದು ನೀರು ಮಾಡಿ ಎಳೆಯುವವರಿದ್ದಾರೆ. ಅದರಲ್ಲಿ ಕೆಲಸ ಮಾಡುವುದು ಪದರದ ದಪ್ಪ. ತೆಳು ಮಾಡಿದಷ್ಟೂ ಬೇಗ ಮುಗಿಯುತ್ತದೆ.

## ಹಂತ 4: ತೊಳೆದು, ಕೆರೆಯುವುದು

ಕ್ರಮ ಮುಖ್ಯ. ಮೊದಲು ತೊಳೆಯಿರಿ, ಆಮೇಲೆ ಕೆರೆಯಿರಿ. ಉಪ್ಪು ಇರುವಾಗಲೇ ಸ್ಯಾಂಡ್‌ಪೇಪರ್ ತಿಕ್ಕಿದರೆ ಆ ಉಪ್ಪನ್ನು ಮರದೊಳಕ್ಕೆ ಉಜ್ಜಿದಂತೆ. ಬಣ್ಣದಡಿ ಉಳಿದ ಉಪ್ಪು ಹೊರಗಿನ ನೀರನ್ನು ಪದರದ ಮೂಲಕವೇ ಎಳೆದುಕೊಳ್ಳುತ್ತದೆ. ತಳದಲ್ಲಿ ಏಳುವ ಎಷ್ಟೋ ನೀರುಗುಳ್ಳೆಗಳ ಮೂಲ ಇದೇ. ದೋಣಿ ಮೇಲೆ ಬಂದ ದಿನವೇ, ಚಿಪ್ಪು ಒಣಗಿ ಗಟ್ಟಿಯಾಗುವ ಮೊದಲೇ ಕೆರೆದು ಬಾವಿ ನೀರಿನಿಂದ ತೊಳೆಯಿರಿ. ಮರುದಿನ ಇನ್ನೊಮ್ಮೆ, ಒಳಗೂ ಹೊರಗೂ.

ಹಳೇ ಬಣ್ಣ ಗಟ್ಟಿಯಾಗಿ ಹಿಡಿದಿದ್ದರೆ ಪೂರ್ತಿ ತೆಗೆಯಬೇಕಿಲ್ಲ. ಬ್ಲೇಡಿನಿಂದ ಇಂಟು ಗುರುತಿನಂತೆ ಗೀರಿ, ಗಟ್ಟಿ ಟೇಪ್ ಅಂಟಿಸಿ, ಒಮ್ಮೆಲೇ ಎಳೆಯಿರಿ. ಟೇಪಿಗೆ ಬಣ್ಣ ಚೂರುಚೂರಾಗಿ ಬಂದರೆ ಆ ಭಾಗ ಪೂರ್ತಿ ತೆಗೆಯಲೇಬೇಕು. ಬಾರದಿದ್ದರೆ 80ರಿಂದ ತಿಕ್ಕಿ ಹೊಳಪು ಕಳೆದರೆ ಸಾಕು. ಇದನ್ನು ಐದಾರು ಕಡೆ ಮಾಡಿ, ಅದರಲ್ಲೂ ನೀರಿನ ಗೆರೆಯ ಹತ್ತಿರ.

ಎಚ್ಚರಿಕೆ ಎರಡು. ಹಳೇ ದೋಣಿಯ ಕೆಂಪು ಪ್ರೈಮರ್‌ನಲ್ಲಿ ಸೀಸ ಇರಬಹುದು. ಹಳೇ ತಳದ ಬಣ್ಣದಲ್ಲಿ ಟಿಬಿಟಿ ಎಂಬ ತವರದ ವಿಷ ಇರಬಹುದು, ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಇದರ ನಿಷೇಧ ಜಾರಿಗೆ ಬಂದದ್ದು 2008ರಲ್ಲಿ. ಇಂಥದ್ದನ್ನು ಒಣದಾಗಿ ತಿಕ್ಕಬೇಡಿ, ನೀರು ಹಾಕಿ ವಾಟರ್ ಪೇಪರ್‌ನಿಂದ ತಿಕ್ಕಿ. ಬೆಂಕಿ ಹಿಡಿದು ಸುಡುವುದಂತೂ ಬೇಡವೇ ಬೇಡ. ಇನ್ನೊಂದು, ಕೆರೆದ ಪುಡಿ ದಡದಲ್ಲಿ ಬಿದ್ದರೆ ಮೊದಲ ಮಳೆಗೆ ಹೊಳೆ ಸೇರುತ್ತದೆ. ಅಘನಾಶಿನಿ ಅಳಿವೆಯಂಥ ಕಡೆ ಅದೇ ಕೆಸರಿನಿಂದ ಬಳಚು (ಚಿಪ್ಪುಮೀನು) ಆಯ್ದು ತಿನ್ನುತ್ತಾರೆ, ಮಾರುತ್ತಾರೆ. ಕೆಳಗೆ ಟಾರ್ಪಾಲು ಹಾಸಿ, ಪುಡಿ ಗುಡಿಸಿ ಚೀಲಕ್ಕೆ ಕಟ್ಟಿ.

ಟಾರು ಇದ್ದರೆ? ಅದರ ಮೇಲೆ ಯಾವ ಬಣ್ಣ ಹಚ್ಚಿದರೂ ಕಂದು ಕಲೆ ಮೇಲೇಳುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಪೂರ್ತಿ ತೆಗೆಯುವ ಶಕ್ತಿ ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ತಳಕ್ಕೆ ಟಾರನ್ನೇ ಮುಂದುವರಿಸಿ, ಅದರಲ್ಲಿ ನಾಚಿಕೆಯೇನಿಲ್ಲ.

## ಹಂತ 5: ಒಣಗಿಸುವುದು

ಅರ್ಧಕ್ಕರ್ಧ ಕೆಲಸ ಕೆಡುವುದು ಇಲ್ಲಿ. ಮೇಲೆ ಮುಟ್ಟಿದರೆ ಒಣಗಿದಂತೆ ಕಾಣುವ ಹಲಗೆಯ ಒಳಗೆ ನೀರು ಕೂತಿರುತ್ತದೆ. ಬಿಸಿಲು ಬಿದ್ದಾಗ ಅದು ಆವಿಯಾಗಿ ಹೊರಟು, ದಾರಿ ಸಿಗದೆ ಬಣ್ಣವನ್ನೇ ಎತ್ತುತ್ತದೆ.

ಮೀಟರ್ ಇದ್ದರೆ ಎನಾಮೆಲ್ ಥರದ ಬಣ್ಣಕ್ಕೆ 18 ಶೇಕಡಾ ಒಳಗೆ, ಎಪಾಕ್ಸಿ ಸೀಲರ್‌ಗೆ 15ರ ಒಳಗೆ, ಫೈಬರ್‌ಗ್ಲಾಸ್ ಬಟ್ಟೆ ಹೊದಿಸುವುದಾದರೆ 12ರ ಆಸುಪಾಸು ಬರಬೇಕು. ಉಪ್ಪುನೀರಿನಲ್ಲಿದ್ದ ಮರಕ್ಕೆ ಮೀಟರ್ ತುಸು ಹೆಚ್ಚೇ ತೋರಿಸುತ್ತದೆ. ಆದ್ದರಿಂದ ಒಂದೇ ಅಂಕಿ ನೋಡಿ ನಿರ್ಧರಿಸಬೇಡಿ. ಅದೇ ಜಾಗವನ್ನು ಮೂರ್ನಾಲ್ಕು ದಿನಕ್ಕೊಮ್ಮೆ ಅಳೆದು ಅಂಕಿ ಇಳಿಯುವುದು ನಿಂತಿದೆಯೇ ನೋಡಿ.

ಮೀಟರ್ ಇಲ್ಲವೇ? ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬರೀ ಮರದ ಮೇಲೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ಹಗಲು ಒಂದು ರಾತ್ರಿ ಬಿಡಿ. ಮರುದಿನ ಒಳಬದಿಯಲ್ಲಿ ಮಂಜು ಕಟ್ಟಿದ್ದರೆ, ಹಾಳೆಯಡಿಯ ಮರ ಸುತ್ತಲಿನದಕ್ಕಿಂತ ಕಪ್ಪಗೆ ಕಂಡರೆ ಇನ್ನೂ ಕಾಯಬೇಕು. ತಳದ ಅತಿ ಕೆಳಗಿನ ಹಲಗೆಯಲ್ಲಿ ಮತ್ತು ಹಿಂಬದಿಯಲ್ಲಿ ಈ ಪರೀಕ್ಷೆ ಮಾಡಿ. ಬದಿಯಲ್ಲಿ ಮಾಡಿದರೆ ಯಾವಾಗಲೂ ಪಾಸಾಗುತ್ತದೆ!

ಒಣಗಿಸುವುದೆಂದರೆ ಬಿಸಿಲಿಗೆ ಸುಡುವುದಲ್ಲ. ಹಲಗೆ ದೋಣಿಯನ್ನು ಏಪ್ರಿಲ್ ಬಿಸಿಲಲ್ಲಿ ಹಾಗೇ ಬಿಟ್ಟರೆ ಹಲಗೆ ಸೀಳುತ್ತದೆ, ಸಂದಿ ಬಾಯ್ಬಿಡುತ್ತದೆ. ನೆರಳು ಮತ್ತು ಗಾಳಿ ಬೇಕು. ತೆಂಗಿನ ಮಡಲಿನ ಚಪ್ಪರ ಸಾಕು. ದೋಣಿಯ ಕೆಳಗೆ ದಿಮ್ಮಿ ಕೊಟ್ಟು ನೆಲದಿಂದ ಎತ್ತಿ, ಒಳಗಿನ ಕಾಲುಹಲಗೆ ತೆಗೆದಿಡಿ. ಟಾರ್ಪಾಲನ್ನು ಮೈಗೆ ಅಂಟುವಂತೆ ಸುತ್ತಬೇಡಿ, ಒಳಗೆ ಬೆವರುತ್ತದೆ.

## ಹಂತ 6: ಕೊಳೆತ ಮತ್ತು ಹುಳ ಹುಡುಕುವುದು

ಬಣ್ಣ ಇಲ್ಲದೆ ಒಣಗಿದ ಮರ ಸತ್ಯ ಹೇಳುತ್ತದೆ. ಈಗಲೇ ನೋಡಿಬಿಡಿ. ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಮರ ಖಣಿ ಅನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡುತ್ತದೆ. ಅನುಮಾನ ಬಂದಲ್ಲಿ ದಬ್ಬಳ ಚುಚ್ಚಿ.

ಹಡಗುಹುಳ ಮರಿಯಾಗಿದ್ದಾಗ ಸೂಜಿಮೊನೆಯಷ್ಟು ತೂತಿನಿಂದ ಒಳಹೋಗಿ, ಒಳಗೇ ಬೆಳೆದು, ಮರವನ್ನು ಉದ್ದಕ್ಕೂ ಕೊರೆಯುತ್ತದೆ. ಹೊರಗೆ ಕಾಣುವುದು ಆ ಸಣ್ಣ ಚುಕ್ಕಿ ಮಾತ್ರ. ಅಂಥ ಚುಕ್ಕಿಗಳ ಗುಂಪು ಕಂಡರೆ ಪುಟ್ಟಿ ಮೆತ್ತಿ ಮುಚ್ಚಬೇಡಿ. ಬಡಗಿಯನ್ನು ಕರೆಸಿ ಒಂದು ಕಡೆ ಉಳಿಯಿಂದ ತೆರೆಸಿ. ಒಳಗೆ ಸುಣ್ಣದ ಗೆರೆ ಹಾಕಿದ ಸುರಂಗ ಕಂಡರೆ ಹಲಗೆ ಬದಲಾಯಿಸಬೇಕು.

ಬಣ್ಣವೇ ಹುಳಕ್ಕೆ ಮದ್ದು ಎಂಬ ನಂಬಿಕೆ ಬಿಡಿ, ಬಣ್ಣ ಬಾಗಿಲು ಮಾತ್ರ. ಮರದೊಳಗೆ ಸಂರಕ್ಷಕ ಇಳಿಯಬೇಕಾದರೆ ಒತ್ತಡ ಕೊಟ್ಟು ತುಂಬಿಸುವ ಘಟಕದಲ್ಲೇ ಮಾಡಿಸಬೇಕು, ಬ್ರಷ್‌ನಿಂದ ಆಗದು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರಬ್ಬರ್ ಮರದ ದೋಣಿ ಮಾಡಿದಾಗಲೂ ಮೊದಲು ಮರಕ್ಕೆ ಸಂರಕ್ಷಕ ತುಂಬಿಸಿತ್ತು. ಹೊಸ ಹಲಗೆ ಕೊಳ್ಳುವಾಗಲೇ ಇದನ್ನು ಯೋಚಿಸಿ.

ತುಕ್ಕು ಅಳುತ್ತಿರುವ ಕಬ್ಬಿಣದ ಮೊಳೆಗಳನ್ನು ಬದಲಾಯಿಸಿ. ಆಗದಿದ್ದರೆ ತಲೆ ಕೆರೆದು ಒಳಗೆ ಹೊಡೆದು, ಎಪಾಕ್ಸಿ ಪ್ರೈಮರ್ ತಾಗಿಸಿ, ಮೇಲೆ ಎಪಾಕ್ಸಿ ಪುಟ್ಟಿ ತುಂಬಿ. ತಾಮ್ರದ ಬಣ್ಣ ನೇರವಾಗಿ ಕಬ್ಬಿಣಕ್ಕೆ ತಾಗಿದರೆ ಉಪ್ಪುನೀರಿನಲ್ಲಿ ಮೊಳೆಯನ್ನೇ ತಿನ್ನುತ್ತದೆ.

## ಹಂತ 7: ಸೀಲರ್ ಆಯ್ಕೆ

ಹಲಗೆ ಜೋಡಿಸಿದ ಹಳೇ ದೋಣಿ. ಇದಕ್ಕೆ ಹೊರಗಿನಿಂದ ದಪ್ಪ ಎಪಾಕ್ಸಿ ಬೇಡ. ಅಂಗಡಿಯವರು ಹೇಳುತ್ತಾರೆ, ಪಕ್ಕದ ದೋಣಿಯವರೂ ಹೇಳುತ್ತಾರೆ, ಆದರೂ ಬೇಡ. ಒಳಗಿನಿಂದ ಮರ ನೀರು ಕುಡಿಯುತ್ತಲೇ ಇರುತ್ತದೆ, ಹೊರಗೆ ಹೋಗಲು ದಾರಿ ಮುಚ್ಚಿರುತ್ತದೆ. ಹಲಗೆ ಉಬ್ಬಿದಾಗ ಎಪಾಕ್ಸಿ ಸಂದಿಯ ಉದ್ದಕ್ಕೂ ಬಿರಿಯುತ್ತದೆ. ಆ ಬಿರುಕಿನಿಂದ ಇನ್ನಷ್ಟು ನೀರು. ಹೊರಗೆ ಹೊಳೆಯುತ್ತಾ ಒಳಗೆ ಕೊಳೆತ ದೋಣಿಗಳು ಹೀಗೆಯೇ ಆಗುವುದು. ಇದಕ್ಕೆ ಸರಿಯಾದದ್ದು ಬೇಯಿಸಿದ ಅಗಸೆ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿದ ತೆಳು ಕೋಟ್, ಅಥವಾ ತೆಳು ಮಾಡಿದ ಮರದ ಪ್ರೈಮರ್. ಮರ ಕುಡಿಯುವಷ್ಟೇ ಹಚ್ಚಿ, ಮೇಲೆ ನಿಂತದ್ದನ್ನು ಕಾಲು ಗಂಟೆಯಲ್ಲಿ ಒರೆಸಿ. ಎಣ್ಣೆ ಪೂರ್ತಿ ಒಣಗದೆ ಮುಂದೆ ಹೋಗಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿ ಬೆಂಕಿ ಹತ್ತುತ್ತದೆ. ನೀರಿನಲ್ಲಿ ಅದ್ದಿಡಿ ಅಥವಾ ಬಯಲಲ್ಲಿ ಹರಡಿ ಒಣಗಿಸಿ.

ಪ್ಲೈವುಡ್ ದೋಣಿ. ಇಲ್ಲಿ ಎಪಾಕ್ಸಿ ಸೀಲರ್ ಚಿನ್ನದಂಥ ಆಯ್ಕೆ, ಆದರೆ ಆರೂ ಬದಿಗೆ ಹಚ್ಚಬೇಕು. ನೀರು ನುಗ್ಗುವುದು ಅಂಚಿನಿಂದ, ಮೊಳೆ ತೂತಿನಿಂದ. ಅಂಚಿಗೆ ಮೂರು ಕೋಟ್, ಒಂದು ಹಸಿಯಾಗಿರುವಾಗಲೇ ಇನ್ನೊಂದು. ತೂತು ಕೊರೆದ ಮೇಲೆ ಅದರೊಳಗೂ ಬ್ರಷ್ ಆಡಿಸಿ. ಪ್ಲೈ ಮೇಲೆ ಐಎಸ್ 710 ಗುರುತು ಇದೆಯೇ ನೋಡಿ, ಅದು ಮರೀನ್ ಪ್ಲೈ. ಐಎಸ್ 303 ಪೀಠೋಪಕರಣದ್ದು. ಅದಕ್ಕೆ ಯಾವ ಸೀಲರ್ ಹಚ್ಚಿದರೂ ದೋಣಿಯಾಗಿ ಬಾಳುವುದಿಲ್ಲ.

ಒಂದೇ ಮರದ ದೋಣಿ. ಪೂರ್ತಿ ಒಣಗಿದ್ದರೆ ತೆಳು ಎಪಾಕ್ಸಿ ಸೀಲರ್ ನಡೆಯುತ್ತದೆ, ಬಿರುಕಿದ್ದರೆ ಎಣ್ಣೆಯೇ ಸರಿ. ಮೂತಿ ಮತ್ತು ಹಿಂತುದಿಯಲ್ಲಿ ಮರದ ಕೊಯ್ದ ಮೈ ಹೊರಗೆ ತೆರೆದಿರುತ್ತದೆ, ಅಲ್ಲಿ ಎರಡು ಕೋಟ್ ಹೆಚ್ಚು.

ಮೀನೆಣ್ಣೆ ಅಥವಾ ಗೇರುಸಿಪ್ಪೆಯ ಎಣ್ಣೆ ಕುಡಿದ ದೋಣಿ. ಎಣ್ಣೆಯನ್ನೇ ಮುಂದುವರಿಸಿ. ಎಷ್ಟು ತಿಕ್ಕಿದರೂ ಒಳಗಿನ ಎಣ್ಣೆ ಮೇಲೆ ಬರುತ್ತಲೇ ಇರುತ್ತದೆ, ಎಪಾಕ್ಸಿ ಹಾಳೆಯಂತೆ ಕಿತ್ತುಬರುತ್ತದೆ. ಗೇರುಸಿಪ್ಪೆಯ ಎಣ್ಣೆ ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಕೈಗವಸು ಮರೆಯಬೇಡಿ.

ಎಪಾಕ್ಸಿ ಬೆರೆಸುವವರಿಗೆ ಒಂದು ಮಾತು. ಫೈಬರ್ ಕೆಲಸದ ರೆಸಿನ್‌ಗೆ ಬೇಗ ಗಟ್ಟಿಯಾಗಲಿ ಎಂದು ನಾಲ್ಕು ಹನಿ ಜಾಸ್ತಿ ಹಾಕುವುದು ಎಲ್ಲರಿಗೂ ಅಭ್ಯಾಸ. ಎಪಾಕ್ಸಿಯಲ್ಲಿ ಅದು ನಡೆಯುವುದಿಲ್ಲ. ಹಾರ್ಡನರ್ ಹೆಚ್ಚಾದರೂ ಕಡಿಮೆಯಾದರೂ ಅದು ಎಂದೆಂದಿಗೂ ಅಂಟಂಟಾಗಿಯೇ ಉಳಿಯುತ್ತದೆ. ಡಬ್ಬಿ ಹೇಳಿದ ಪ್ರಮಾಣವೇ ಪ್ರಮಾಣ. ಅದು ತೂಕದ್ದೋ ಅಳತೆಯದ್ದೋ ಎಂದೂ ನೋಡಿ. ಬೆರೆಸಿದ್ದನ್ನು ಎಷ್ಟು ಹೊತ್ತಿನೊಳಗೆ ಹಚ್ಚಬೇಕು ಎಂದು ಡಬ್ಬಿಯ ಮೇಲೆ ಬರೆದ ಸಮಯ ಸಾಮಾನ್ಯವಾಗಿ 25 ಡಿಗ್ರಿಯ ಲೆಕ್ಕ. 35 ಡಿಗ್ರಿಯಲ್ಲಿ ಹೆಚ್ಚುಕಮ್ಮಿ ಅರ್ಧವೇ ಸಿಗುತ್ತದೆ. ಬೆರೆಸಿದ ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ಆಳದ ಲೋಟದಲ್ಲೇ ಬಿಟ್ಟರೆ ಬಿಸಿಯೇರಿ ಹೊಗೆಯಾಡುತ್ತದೆ.

ಹಚ್ಚುವ ಹೊತ್ತೂ ಮುಖ್ಯ. ಬೆಳಿಗ್ಗೆ ಮರ ಬಿಸಿಯಾಗುತ್ತಾ ಹೋದಂತೆ ಒಳಗಿನ ಗಾಳಿ ಹಿಗ್ಗಿ ಸೀಲರ್‌ನಲ್ಲಿ ಸಣ್ಣ ಗುಳ್ಳೆ ಎಬ್ಬಿಸುತ್ತದೆ. ಮಧ್ಯಾಹ್ನ ಮೂರರ ಮೇಲೆ ಮರ ತಣಿಯುವಾಗ ಹಚ್ಚಿದರೆ ಮರವೇ ಅದನ್ನು ಒಳಗೆಳೆದುಕೊಳ್ಳುತ್ತದೆ. ರಾತ್ರಿ ಇಬ್ಬನಿ ಬೀಳದಂತೆ ಮೇಲೆ ಚಪ್ಪರ ಇರಲಿ. ಬೆಳಿಗ್ಗೆ ಮುಟ್ಟಿದಾಗ ಮೇಣ ಸವರಿದಂತೆ ಜಿಡ್ಡು ತಾಗಿದರೆ ಅದು ತೇವದ ಗಾಳಿಯಲ್ಲಿ ಎಪಾಕ್ಸಿ ಬಿಡುವ ಪದರ. ಮೊದಲು ಬರೀ ನೀರು ಮತ್ತು ಪಾತ್ರೆ ತಿಕ್ಕುವ ನಾರಿನಿಂದ ತೊಳೆದು, ಒಣಗಿಸಿ, ಆಮೇಲೆ ಸ್ಯಾಂಡ್‌ಪೇಪರ್. ನೇರವಾಗಿ ತಿಕ್ಕಿದರೆ ಜಿಡ್ಡು ಹರಡುತ್ತದೆ, ಮೇಲಿನ ಬಣ್ಣ ಹಿಡಿಯುವುದಿಲ್ಲ.

ಸಾಗುವಾನಿಗೆ ಸಹಜವಾದ ಎಣ್ಣೆ ಇದೆ. ಹಚ್ಚುವ ಸ್ವಲ್ಪ ಮೊದಲು ಅಸಿಟೋನ್ ಅದ್ದಿದ ಶುದ್ಧ ಬಟ್ಟೆಯಿಂದ ಒರೆಸಿ, ಬಟ್ಟೆ ಹಳದಿಯಾಗುವುದು ನಿಲ್ಲುವವರೆಗೆ.

## ಹಂತ 8: ಪ್ರೈಮರ್ ಮತ್ತು ಪುಟ್ಟಿ

ಮೊದಲು ಪ್ರೈಮರ್, ಆಮೇಲೆ ಪುಟ್ಟಿ, ಮತ್ತೆ ಪ್ರೈಮರ್. ಬರೀ ಮರಕ್ಕೆ ಪುಟ್ಟಿ ಮೆತ್ತಿದರೆ ಮರ ಅದರ ಎಣ್ಣೆ ಹೀರಿ, ಪುಟ್ಟಿ ಒಣಗಿ ಉದುರುತ್ತದೆ.

ಗೋಡೆಯ ಪುಟ್ಟಿ ದೋಣಿಗೆ ಬೇಡ. ಕಾರಿನ ಗ್ಯಾರೇಜಿನ ಪುಟ್ಟಿಯೂ ನೀರು ಕುಡಿಯುತ್ತದೆ. ಗಟ್ಟಿ ಎಪಾಕ್ಸಿ ಪುಟ್ಟಿ ತೂತಿಗೆ, ಗೀರಿಗೆ ಮಾತ್ರ. ಹಲಗೆ ಸಂದಿಗೆ ಗಟ್ಟಿ ಪುಟ್ಟಿ ತುಂಬಿದರೆ ಹಲಗೆ ಉಬ್ಬಲು ಜಾಗ ಸಿಗದೆ ಒಂದೋ ಪುಟ್ಟಿ ಹೊರಗೆ ಬರುತ್ತದೆ, ಇಲ್ಲವೇ ಒಳಗಿನ ಮೊಳೆ ಸಡಿಲವಾಗುತ್ತದೆ. ಸಂದಿಗೆ ಹತ್ತಿ, ಅದರ ಮೇಲೆ ಮೆದುವಾಗಿಯೇ ಉಳಿಯುವ ಪುಟ್ಟಿ. ರಾಳ ಮತ್ತು ಎಣ್ಣೆ ಕಾಯಿಸಿ ಮಾಡುವ ಹಳೇ ಪುಟ್ಟಿ ಈ ಕೆಲಸಕ್ಕೆ ಈಗಲೂ ಸರಿಯೇ. ಅಂಚಿಗೆ ಸ್ವಲ್ಪ ತಗ್ಗಾಗಿಯೇ ತುಂಬಿ, ನೀರಿಗಿಳಿದ ಮೇಲೆ ತಾನಾಗಿ ಸಮಕ್ಕೆ ಬರುತ್ತದೆ.

ಹೊಂದಾಣಿಕೆಯ ನಿಯಮ ಒಂದೇ ಸಾಲಿನದು: ಎರಡು ಡಬ್ಬಿಯ ಬಣ್ಣದ ಮೇಲೆ ಒಂದು ಡಬ್ಬಿಯದು ಕೂರುತ್ತದೆ, ಉಲ್ಟಾ ಮಾಡಿದರೆ ಕೆಳಗಿನದು ಸುಕ್ಕುಗಟ್ಟಿ ಏಳುತ್ತದೆ. ಹಳೇ ಎನಾಮೆಲ್ ಮೇಲೆ ಪಿಯು ಹಚ್ಚಬೇಕೆನ್ನುವವರು ಎನಾಮೆಲ್ ಪೂರ್ತಿ ಕೆರೆಯಲೇಬೇಕು.

## ಹಂತ 9: ನೀರಿನ ಮೇಲಿನ ಭಾಗ

ದುಡಿಯುವ ಹಲಗೆ ದೋಣಿಗೆ ಒಳ್ಳೆ ಎನಾಮೆಲ್ ಸಾಕು, ಅದೇ ಉತ್ತಮ ಕೂಡ. ಸ್ವಲ್ಪ ಬಳುಕುತ್ತದೆ, ಗೀರು ಬಿದ್ದಲ್ಲಿ ಮನೆಯಲ್ಲೇ ಸರಿಮಾಡಬಹುದು. ಪಿಯು ಹೊಳಪು ಹೆಚ್ಚು ಕಾಲ ನಿಲ್ಲುತ್ತದೆ, ಆದರೆ ಅಲುಗಾಡದ ಪ್ಲೈವುಡ್ ಅಥವಾ ಗ್ಲಾಸ್ ಹೊದಿಸಿದ ದೋಣಿಗಷ್ಟೇ. ಎಪಾಕ್ಸಿಯನ್ನು ಮೇಲಿನ ಪದರವಾಗಿ ಬಿಡಬೇಡಿ, ಬಿಸಿಲಿಗೆ ಸುಣ್ಣದಂತೆ ಪುಡಿಯಾಗುತ್ತದೆ.

ಬಣ್ಣ ತಿಳಿಯಾಗಿರಲಿ. ಕಡುನೀಲಿ, ಕಪ್ಪು ದೋಣಿ ನೋಡಲು ಚಂದ ಅಲ್ವಾ? ನಮ್ಮ ಬಿಸಿಲಿಗೆ ಅವು ಕಾದು, ಸಂದಿ ತೆರೆದು, ಮರದ ಅಂಟು ಬಣ್ಣದ ಮೂಲಕ ಹೊರಗೆ ಒಸರುತ್ತದೆ. ಕಡು ಬಣ್ಣ ಬೇಕೇ ಬೇಕೆಂದರೆ ಮೇಲಂಚಿಗೆ ಒಂದು ಪಟ್ಟಿ ಎಳೆದುಕೊಳ್ಳಿ.

ಇಬ್ಬನಿ ಆರಿದ ಮೇಲೆ, ಸುಮಾರು ಒಂಬತ್ತಕ್ಕೆ, ನೆರಳಿರುವ ಬದಿಯಿಂದ ಶುರು ಮಾಡಿ. ಎರಡು ತೆಳು ಕೋಟ್ ಒಂದು ದಪ್ಪ ಕೋಟ್‌ಗಿಂತ ಯಾವಾಗಲೂ ಮೇಲು. ನಡುವೆ 220ರಿಂದ ಹಗುರವಾಗಿ ತಿಕ್ಕಿ ಒರೆಸಿ. ವಾರ್ನಿಶ್ ಇಷ್ಟಪಡುವವರಿಗೆ: ಪೀಠೋಪಕರಣದ ಮೆಲಮೈನ್, ಫ್ರೆಂಚ್ ಪಾಲಿಶ್ ನೀರಿಗೆ ನಿಲ್ಲುವುದಿಲ್ಲ. ದೋಣಿಗೆಂದೇ ಇರುವ ವಾರ್ನಿಶ್ ಐದಾರು ಕೋಟ್ ಬೇಕು, ಬಿಸಿಲಿನ ಜಾಗಕ್ಕೆ ಪ್ರತಿ ವರ್ಷ ಮರುಕೋಟ್ ಬೇಕು. ಮೀನು ಹಿಡಿಯುವ ದೋಣಿಗೆ ಈ ಶೋಕಿ ಬೇಡ.

ಒಳಭಾಗವನ್ನು ದಪ್ಪ ಹೊಳಪು ಬಣ್ಣದಿಂದ ಮುಚ್ಚಬೇಡಿ. ಹಲಗೆ ದೋಣಿಯ ಒಳತಳಕ್ಕೆ ಎಣ್ಣೆ ಅಥವಾ ತೆಳು ಪ್ರೈಮರ್ ಸಾಕು. ಅಡ್ಡಪಟ್ಟಿಗಳ ಕೆಳಗೆ ನೀರು ಹರಿಯುವ ಕಿಂಡಿಗಳು ಬಣ್ಣದಿಂದ ಕಟ್ಟಿಕೊಳ್ಳದಂತೆ ನೋಡಿ.

## ಹಂತ 10: ನೀರಿನ ಕೆಳಗಿನ ಭಾಗ

ಎನಾಮೆಲ್ ಇಲ್ಲಿ ಬೇಡ. ಸದಾ ನೀರಿನಲ್ಲಿದ್ದರೆ ಅದು ಮೆತ್ತಗಾಗಿ ಗುಳ್ಳೆ ಏಳುತ್ತದೆ. ತಳಕ್ಕೆಂದೇ ಇರುವ ಪ್ರೈಮರ್, ಅದರ ಮೇಲೆ ಆ್ಯಂಟಿಫೌಲಿಂಗ್. ಎರಡೂ ಒಂದೇ ತಯಾರಕರದ್ದಾಗಿರಲಿ. ಕಂಪನಿಗೆ ನಿಷ್ಠರಾಗಬೇಕಾದ ಒಂದೇ ಜಾಗ ಇದು.

ಆ್ಯಂಟಿಫೌಲಿಂಗ್‌ನಲ್ಲಿ ಎರಡು ಜಾತಿ. ಒಂದು ನೀರಿನಲ್ಲಿ ನಿಧಾನ ಸವೆಯುತ್ತಾ ಹೊಸ ತಾಮ್ರ ತೆರೆದುಕೊಳ್ಳುವ ಮೆದು ಬಣ್ಣ. ಸದಾ ತೇಲುವ ದೋಣಿಗೆ ಅದು ಸರಿ. ಇನ್ನೊಂದು ಗಟ್ಟಿ ಬಣ್ಣ, ಮರಳ ಮೇಲೆ ಆಗಾಗ ಎಳೆಯುವ ದೋಣಿಗೆ. ಮೆದು ಬಣ್ಣ ಹಚ್ಚಿದ ದೋಣಿಯನ್ನು ದಿನಾ ದಡಕ್ಕೆ ಎಳೆದರೆ ದುಡ್ಡೆಲ್ಲ ಮರಳಿಗೆ. ದಿನಾ ಎಳೆಯುವ ದೋಣಿಯ ಅಡಿಪಟ್ಟಿಗೆ ಬಣ್ಣಕ್ಕಿಂತ ಬದಲಾಯಿಸಬಹುದಾದ ಗಟ್ಟಿಮರದ ಪಟ್ಟಿ ಒಳ್ಳೆಯದು.

ತಾಮ್ರ ಡಬ್ಬಿಯ ಅಡಿಗೆ ಇಳಿದಿರುತ್ತದೆ. ಕೋಲಿನಿಂದ ಅಡಿ ಕೆರೆದು, ಬಣ್ಣ ಒಂದೇ ಸಮ ಆಗುವವರೆಗೆ ಕಲಕಿ, ಹಚ್ಚುವಾಗಲೂ ಆಗಾಗ ಕಲಕಿ. ಎರಡು ಕೋಟ್. ನೀರಿನ ಗೆರೆ, ಮೂತಿ, ಚುಕ್ಕಾಣಿ ಇವಕ್ಕೆ ಮೂರನೆಯದು. ಎಂಜಿನ್‌ನ ಅಲ್ಯೂಮಿನಿಯಂ ಕಾಲಿಗೆ ತಾಮ್ರದ ಬಣ್ಣ ತಾಗಬಾರದು, ಲೋಹವನ್ನೇ ತಿಂದುಹಾಕುತ್ತದೆ. ಬೇರೆ ಲೋಹದ ಬದಲು ತಾವೇ ಸವೆಯಲೆಂದು ಕಟ್ಟುವ ಸತುವಿನ ಗಟ್ಟಿಗಳ ಮೇಲೆ ಯಾವ ಬಣ್ಣವೂ ಬೀಳಬಾರದು.

ಕೊನೆಯ ಕೋಟ್‌ನಿಂದ ನೀರಿಗಿಳಿಸುವವರೆಗೆ ಕನಿಷ್ಠ ಇಷ್ಟು ಗಂಟೆ, ಗರಿಷ್ಠ ಇಷ್ಟು ದಿನ ಎಂದು ಡಬ್ಬಿಯಲ್ಲಿ ಇರುತ್ತದೆ. ಕನಿಷ್ಠವನ್ನು ಎಲ್ಲರೂ ನೋಡುತ್ತಾರೆ. ಗರಿಷ್ಠ ದಾಟಿ ವಾರಗಟ್ಟಲೆ ಬಿಸಿಲಿನಲ್ಲಿಟ್ಟರೆ ಕೆಲವು ಬಣ್ಣಗಳು ಸತ್ತೇ ಹೋಗುತ್ತವೆ. ತಳದ ಬಣ್ಣ ಕೊನೆಯ ಕೆಲಸವಾಗಿರಲಿ.

## ಹಂತ 11: ನೀರಿಗಿಳಿಸಿದ ಮೇಲೆ ಏನು ನೋಡಬೇಕು

ಹಲಗೆ ದೋಣಿ ಮೊದಲ ದಿನ ಸ್ವಲ್ಪ ಸೋರುತ್ತದೆ. ಹಲಗೆ ಉಬ್ಬುವವರೆಗೆ ಕಾಯಿರಿ, ನೀರು ಎತ್ತುತ್ತಿರಿ. ಮೂರು ದಿನವಾದರೂ ಕಡಿಮೆಯಾಗದಿದ್ದರೆ ಮೇಲೆತ್ತಿ ಸಂದಿ ನೋಡಿ. ಗಾಬರಿಯಿಂದ ಒಳಗಿನಿಂದ ಸಿಲಿಕೋನ್ ಹಚ್ಚಬೇಡಿ, ಆ ಜಾಗದಲ್ಲಿ ಮುಂದೆ ಯಾವ ಬಣ್ಣವೂ ನಿಲ್ಲದು.

ತಿಂಗಳಾದ ಮೇಲೆ ಒಮ್ಮೆ ದಡಕ್ಕೆ ತಂದು ನೋಡಿ. ಗುಳ್ಳೆ ಇದ್ದರೆ ಒಂದನ್ನು ಒಡೆಯಿರಿ. ಒಳಗೆ ನೀರಿದ್ದು ಕೆಳಗೆ ಬರೀ ಮರ ಕಂಡರೆ ಮರ ಒದ್ದೆಯಿತ್ತು ಅಥವಾ ಉಪ್ಪಿತ್ತು, ಆ ಹಲಗೆ ಪೂರ್ತಿ ಮತ್ತೆ ಒಣಗಿಸಬೇಕು. ಗುಳ್ಳೆಯ ಕೆಳಗೆ ಹಳೇ ಬಣ್ಣ ಕಂಡರೆ ಅದು ಹೊಂದಾಣಿಕೆಯ ತೊಂದರೆ. ಸಂದಿಯ ಉದ್ದಕ್ಕೆ ನೇರ ಬಿರುಕು ಕಂಡರೆ ಒಳಗೆ ಗಟ್ಟಿ ಪುಟ್ಟಿ ಇದೆ. ಬಣ್ಣದ ಮೇಲೆ ಕಂದು ಕಣ್ಣೀರಿನಂಥ ಗೆರೆ ಮೊಳೆಯದು. ಬಾರ್ನಕಲ್ ಒಂದೇ ಕಡೆ ಗುಂಪಾಗಿ ಹಿಡಿದಿದ್ದರೆ ಅಲ್ಲಿ ಬಣ್ಣ ತೆಳುವಾಗಿದೆ. ದೋಣಿ ನಿಲ್ಲಿಸಲು ಆಧಾರವಾಗಿ ಊರುಗಂಬ ಕೊಟ್ಟಿದ್ದ ಜಾಗ ನೋಡಿ, ಬಹಳ ಸಲ ಅಲ್ಲೇ ಮರೆತಿರುತ್ತದೆ. ಹುಳ ಒಳಹೋಗುವುದೂ ಅಲ್ಲಿಂದಲೇ. ಊರುಗಂಬ ಸರಿಸಿ ಆ ಜಾಗಕ್ಕೂ ಸೀಲರ್‌ನಿಂದ ಹಿಡಿದು ಎಲ್ಲ ಪದರ ಕೊಡಬೇಕು.

ಉಳಿದ ಬಣ್ಣವನ್ನು ಸಣ್ಣ ಡಬ್ಬಿಗೆ ಸುರಿದು ಗಟ್ಟಿ ಮುಚ್ಚಿ, ಮೇಲೆ ತಾರೀಕು ಮತ್ತು ದೋಣಿಯ ಯಾವ ಭಾಗಕ್ಕೆ ಹಚ್ಚಿದ್ದು ಎಂದು ಬರೆದಿಡಿ. ಮುಂದಿನ ಸಲ ಥಿನ್ನರ್ ಹತ್ತಿ ಹಿಡಿದು ಪರೀಕ್ಷೆ ಮಾಡುವ ಕೆಲಸ ತಪ್ಪುತ್ತದೆ. ಪಿಯು ಹಾರ್ಡನರ್ ಒಮ್ಮೆ ತೆರೆದರೆ ಗಾಳಿಯ ತೇವ ಎಳೆದು ಕೆಡುತ್ತದೆ, ಅದನ್ನು ಮುಂದಿನ ವರ್ಷಕ್ಕೆಂದು ಇಡಬೇಡಿ.